ಅದು ಬರೀ ಕೊಬ್ಬಲ್ಲ: ಮಾಕಳಿಯ ಆಕ್ಷೇಪಗಳಿಗೊಂದು ಉತ್ತರ

ಸಂಬಳ ಬಂದ ರಾತ್ರಿಯೇ ಮೊಬೈಲಿನಲ್ಲಿ ರಮ್ಮಿ ಆಡಿ ಅರ್ಧ ದುಡ್ಡು ಕಳೆದುಕೊಳ್ಳುವ ಕಾರ್ಮಿಕನನ್ನು ಬೈದು ಪ್ರಯೋಜನವಿಲ್ಲ, ಆ ಹೊತ್ತಿಗೆ ಅವನ ಮಿದುಳಿನಲ್ಲಿ ಏನು ನಡೆದಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ ಎಂದು ನಾನು ಹೇಳುತ್ತ ಬಂದಿದ್ದೇನೆ. ತುಮಕೂರು ರಸ್ತೆಯ ಮಾಕಳಿ, ಮಾದಾವರ, ದಾಸನಪುರದ ಕಡೆ ಈ ಮಾತು ಅನೇಕರಿಗೆ ಹಿಡಿಸಿಲ್ಲ. ಕಾರ್ಖಾನೆಯ ಸೂಪರ್‌ವೈಸರ್‌ಗಳು, ಚೀಟಿ ನಡೆಸುವ ಹಿರಿಯರು, ಕಾನೂನು ಬಲ್ಲ ಮಿತ್ರರು, ಮಕ್ಕಳನ್ನು ಕಷ್ಟಪಟ್ಟು ಓದಿಸಿದ ತಾಯಂದಿರು ಎಲ್ಲರೂ ಆಕ್ಷೇಪ ಎತ್ತಿದ್ದಾರೆ. ಯಾವುದೂ ಹಗುರವಾದದ್ದಲ್ಲ. ಕೆಲವಂತೂ ಇದೇ ಜೂಜಿನಿಂದ ಮನೆಯ ನೆಮ್ಮದಿ ಕಳೆದುಕೊಂಡವರ ಬಾಯಿಂದ ಬಂದಂಥವು. ಹಾಗಾಗಿ ಒಂದೊಂದನ್ನೂ ಅದರ ಪಾಡಿಗೆ ಎತ್ತಿಕೊಂಡು ಉತ್ತರಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಇದು: "ಅದೆಲ್ಲ ಕೊಬ್ಬು ಸ್ವಾಮಿ. ಕೆಮಿಕಲ್ಲು ಅಂತ ನೀವೇ ಹೇಳಿಕೊಟ್ರೆ ನಾಳೆ ಕುಡುಕನೂ ಅದನ್ನೇ ಹೇಳ್ತಾನೆ, ಕಳ್ಳನೂ ಅದನ್ನೇ ಹೇಳ್ತಾನೆ."

ಇದಕ್ಕೆ ಉತ್ತರ ಸಿಗುವುದು ಜೂಜುಕೋರರಲ್ಲಿ ಅಲ್ಲ, ಪಾರ್ಕಿನ್ಸನ್ ರೋಗಿಗಳಲ್ಲಿ. ಕೈ ನಡುಗುವ, ಹೆಜ್ಜೆ ಎತ್ತಿಡಲು ತಡವರಿಸುವ ಈ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತ ಹೋಗುತ್ತವೆ. ಆ ಕೊರತೆ ತುಂಬಲು ಡೋಪಮೈನಿನಂತೆಯೇ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳನ್ನು ಕೊಡುವುದುಂಟು. 2005ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಜೂಜಿಗೆ ಬಿದ್ದ 11 ಮಂದಿ ಪಾರ್ಕಿನ್ಸನ್ ರೋಗಿಗಳ ಕಥೆಯನ್ನು ಪ್ರಕಟಿಸಿದರು. ಹನ್ನೊಂದೂ ಜನ ಈ ಬಗೆಯ ಮಾತ್ರೆ ನುಂಗುತ್ತಿದ್ದವರು, ಅವರಲ್ಲಿ ಒಂಬತ್ತು ಮಂದಿಯದು ಪ್ರಾಮಿಪೆಕ್ಸೋಲ್. ಮಾತ್ರೆ ತಗ್ಗಿಸಿದಾಗ ಅಥವಾ ನಿಲ್ಲಿಸಿದಾಗ ಅವರಲ್ಲಿ ಹೆಚ್ಚಿನವರ ಜೂಜಿನ ಹುಚ್ಚು ಬಿಟ್ಟುಹೋಯಿತು. 2010ರಲ್ಲಿ 3,090 ರೋಗಿಗಳನ್ನು ಪರಿಶೀಲಿಸಿದ ದೊಡ್ಡ ಅಧ್ಯಯನವೊಂದು ಬಂತು. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ನೂರಕ್ಕೆ 17 ಮಂದಿಗೆ ಜೂಜು, ಮಿತಿಯಿಲ್ಲದ ಖರೀದಿ, ತಿನ್ನುವ ಹುಚ್ಚು, ಕಾಮದ ಹುಚ್ಚು ಇವುಗಳಲ್ಲಿ ಒಂದಾದರೂ ಅಂಟಿತ್ತು. ತೆಗೆದುಕೊಳ್ಳದ ರೋಗಿಗಳಲ್ಲಿ ಅದು ನೂರಕ್ಕೆ 7.

ವಯಸ್ಸಾದ, ಕಾಯಿಲೆ ಬಿದ್ದ ಮನುಷ್ಯನಿಗೆ ಮಾತ್ರೆಯಿಂದ ಕೊಬ್ಬು ಏರಿ, ಮಾತ್ರೆ ಬಿಟ್ಟ ಮೇಲೆ ಇಳಿಯಿತು ಎಂದು ಯಾರೂ ಹೇಳಲಾರರು. ಅವನ ಸಂಸ್ಕಾರ ಬದಲಾಗಿರಲಿಲ್ಲ, ಹೆತ್ತವರು ಬದಲಾಗಿರಲಿಲ್ಲ, ಸ್ನೇಹಿತರೂ ಬದಲಾಗಿರಲಿಲ್ಲ. ಬದಲಾದದ್ದು ಮಿದುಳಿನ ಒಂದು ರಸಾಯನದ ಸಂಕೇತ, ಅಷ್ಟೆ.

ಹೊಣೆಯ ಮಾತಿಗೆ ಬರುತ್ತೇನೆ. ಕಾರಣ ಹೇಳುವುದು ಬೇರೆ, ನೆಪ ಹೇಳುವುದು ಬೇರೆ. ಹೊಣೆಯನ್ನು ನಾನು ಯಾರ ತಲೆಯಿಂದಲೂ ಇಳಿಸುತ್ತಿಲ್ಲ. ಅದನ್ನು ಯಾವ ಹೊತ್ತಿನಲ್ಲಿ ಕೇಳಬೇಕು ಎಂಬುದಷ್ಟೇ ನನ್ನ ತಕರಾರು. ರಾತ್ರಿ ಹನ್ನೊಂದಕ್ಕೆ ಮೂರು ಆಟ ಸೋತು ಫೋನ್ ಹಿಡಿದು ಕೂತವನಿಗೆ "ತಡ್ಕೋ" ಎಂದರೆ ಆ ಮಾತು ಒಳಗೆ ಇಳಿಯುವುದಿಲ್ಲ. ಅದೇ ಮನುಷ್ಯ ವಾರದ ರಜೆಯ ದಿನ, ನಿದ್ದೆ ಮುಗಿಸಿ ತಿಂಡಿ ತಿಂದ ಮೇಲೆ, ಮನೆಗೆ ಕಳಿಸುವ ದುಡ್ಡು ಸಂಬಳದ ದಿನವೇ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಬಲ್ಲ. ಅನೇಕ ಬ್ಯಾಂಕುಗಳಲ್ಲಿ ಯುಪಿಐನ ದಿನದ ಮಿತಿಯನ್ನು ತಾನೇ ಇಳಿಸಬಲ್ಲ. ರೂಮಿನವರಿಗೆ "ನಾನು ಕೇಳಿದರೂ ಸಾಲ ಕೊಡಬೇಡಿ" ಎಂದು ಹೇಳಿಡಬಲ್ಲ. ಆ ಹೊತ್ತಿನ ಹೊಣೆಯನ್ನು ಅವನು ಹೊರಲೇಬೇಕು, ಅದರಲ್ಲಿ ನನಗೆ ಯಾವ ಮೃದುತ್ವವೂ ಇಲ್ಲ. ಬೈಯುವವರು ಹನ್ನೊಂದು ಗಂಟೆಯ ಮನುಷ್ಯನನ್ನು ಬೈಯುತ್ತಾರೆ, ರಜೆಯ ದಿನದ ಮನುಷ್ಯನ ಜೊತೆ ಮಾತೇ ಆಡುವುದಿಲ್ಲ.

ಇನ್ನೊಂದು ಆಕ್ಷೇಪ ಆಯುರ್ವೇದದಲ್ಲಿ ಭಕ್ತಿಯುಳ್ಳ ಹಿರಿಯರದ್ದು. ಡೋಪಮೈನ್, ಸೆರಟೋನಿನ್ ಎಲ್ಲ ಫಾರಿನ್ನಿನವರು ಕಟ್ಟಿದ ಕಥೆ, ಕಣ್ಣಿಗೆ ಕಾಣದ್ದು, ಮಾತ್ರೆ ಮಾರಲು ಹುಟ್ಟಿಸಿದ್ದು ಎನ್ನುತ್ತಾರೆ ಅವರು. ಅವರಿಗೆ ಮಾಕಳಿಯಿಂದಲೇ ಉತ್ತರ ಕೊಡಬಹುದು.

ಮಾಕಳಿಯ ಹೆಸರು ದೇಶದ ತುಂಬ ಔಷಧಿ ಡಬ್ಬಿಗಳ ಮೇಲೆ ಅಚ್ಚಾಗಿರುವುದು ಹಿಮಾಲಯ ಕಂಪನಿಯಿಂದ. ಆ ಕಂಪನಿ ಹುಟ್ಟಿದ್ದು 1930ರಲ್ಲಿ, ಡೆಹ್ರಾಡೂನಿನಲ್ಲಿ. 1934ರಲ್ಲಿ ಅದು ಹೊರತಂದ ಮೊದಲ ಹೆಸರಾಂತ ಔಷಧಿ ಸರ್ಪಿನಾ, ಸರ್ಪಗಂಧದ ಬೇರಿನಿಂದ ಮಾಡಿದ ರಕ್ತದೊತ್ತಡದ ಗುಳಿಗೆ. ಅದಕ್ಕೂ ಮೂರು ವರ್ಷ ಮೊದಲು, 1931ರಲ್ಲಿ, ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದೇ ಬೇರು ಉನ್ಮಾದವನ್ನು ಶಮನಗೊಳಿಸುತ್ತದೆ, ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದಿದ್ದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಲೇಖನ ಜಗತ್ತಿನ ಗಮನವನ್ನು ಈ ಬೇರಿನ ಕಡೆ ತಿರುಗಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರ ಸಾರವನ್ನು ಬೇರ್ಪಡಿಸಿ ರೆಸರ್ಪಿನ್ ಎಂದು ಹೆಸರಿಟ್ಟರು.

ಈ ರೆಸರ್ಪಿನ್ ಮಾಡುವ ಕೆಲಸವೇನು? ನರಕೋಶಗಳು ಡೋಪಮೈನ್, ಸೆರಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಸಣ್ಣ ಸಣ್ಣ ಕೋಶಿಕೆಗಳಲ್ಲಿ ಕೂಡಿಟ್ಟುಕೊಂಡಿರುತ್ತವೆ. ರೆಸರ್ಪಿನ್ ಆ ದಾಸ್ತಾನನ್ನು ಬರಿದು ಮಾಡುತ್ತದೆ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಅದನ್ನು ಚುಚ್ಚಿದರು. ಮೊಲಗಳು ಕಿವಿ ಜೋಲುಬಿಟ್ಟು, ಜೀವವಿದ್ದೂ ಅಲ್ಲಾಡದೆ ಮುದುಡಿ ಕೂತವು. ಡೋಪಮೈನ್ ತಯಾರಾಗಲು ಬೇಕಾದ ಎಲ್-ಡೋಪಾ ಕೊಟ್ಟೊಡನೆ ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿಸಿ ಓಡಾಡತೊಡಗಿದವು. ಡೋಪಮೈನ್ ಎಂಬುದು ಮಿದುಳಿನ ಸ್ವತಂತ್ರ ಸಂದೇಶವಾಹಕ ಎಂಬ ತಿಳಿವಳಿಕೆಗೆ ಬುನಾದಿ ಬಿದ್ದದ್ದು ಹೀಗೆ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಉನ್ಮಾದಕ್ಕೆ ನಮ್ಮ ವೈದ್ಯರು ಕೊಡುತ್ತಿದ್ದ ಬೇರು ಇಲ್ಲದಿದ್ದರೆ ಆ ಪ್ರಯೋಗಕ್ಕೆ ರೆಸರ್ಪಿನ್ನೇ ಇರುತ್ತಿರಲಿಲ್ಲ. ಮಿದುಳಿನ ರಸಾಯನ ಪರಕೀಯ ಕಥೆ ಎನ್ನುವವರು ಸರ್ಪಗಂಧವನ್ನೂ ಪರಕೀಯ ಎನ್ನಬೇಕಾಗುತ್ತದೆ.

"ಮಜಾಕ್ಕೆ ಆಡ್ತಾರೆ, ಮಜಾಕ್ಕೆ ಬೆಲೆ ತೆರಲಿ" ಎನ್ನುವವರಿದ್ದಾರೆ. ಅವರು ಆಡುವವನ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಸೆಕೆಂಡ್ ಶಿಫ್ಟ್ ರಾತ್ರಿ ಹತ್ತಕ್ಕೆ ಬಿಡುತ್ತದೆ. ಕಂಪನಿ ಬಸ್ಸಿಳಿದು, ಹೆದ್ದಾರಿ ಬದಿಯಲ್ಲಿ ಟೀ ಕುಡಿದು, ಶೀಟಿನ ಮನೆಗೆ ಬಂದು ಗೋಡೆಗೆ ಒರಗುತ್ತಾನೆ. ಊರಿಗೆ ಫೋನ್ ಮಾಡುವ ಹೊತ್ತು ಮೀರಿದೆ. ಪರದೆಯ ಮೇಲೆ ಒಂದು ಸೂಚನೆ ಮಿಂಚುತ್ತದೆ: ಇಷ್ಟು ಹಾಕಿದರೆ ಅಷ್ಟು ಬೋನಸ್, ಇವತ್ತು ರಾತ್ರಿ ಹನ್ನೆರಡರವರೆಗೆ. ಹೆಬ್ಬೆರಳು ಪಿನ್ ಒತ್ತುತ್ತದೆ. ಹದಿಮೂರು ಎಲೆ ಬರುತ್ತವೆ. ಒಂದು ಸೀಕ್ವೆನ್ಸ್ ಕೂಡಿತು, ಇನ್ನೊಂದಕ್ಕೆ ಇಸ್ಪೀಟಿನ ಎಂಟು ಬೇಕು. ಎಂಟು ಬರುವುದಿಲ್ಲ. ಎದುರಿನವನು ಆಟ ಮುಗಿಸುತ್ತಾನೆ. ಇನ್ನೂರು ಹೋಯಿತು. ಮತ್ತೆ ಪಿನ್. ಆ ಮುಖದಲ್ಲಿ ನಗು ಇರುವುದಿಲ್ಲ. ಗೆದ್ದಾಗಲೂ ಅವನು ನಗುವುದಿಲ್ಲ, ಮುಂದಿನ ಆಟ ತೆರೆಯುತ್ತಾನೆ.

ಇದು ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ದಶಕಗಳಿಂದ ತೋರಿಸುತ್ತ ಬಂದಿರುವ ಸಂಗತಿಗೆ ಸರಿಯಾಗಿ ಹೊಂದುತ್ತದೆ. ಡೋಪಮೈನ್ ಪೂರ್ತಿ ಬತ್ತಿಸಿದ ಇಲಿಗಳು ತಾವಾಗಿ ಹೋಗಿ ತಿನ್ನುವುದಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಹಾಕಿದರೆ ಎಂದಿನಂತೆ ತುಟಿ ಚಪ್ಪರಿಸುತ್ತವೆ. ಅಂದರೆ ಸುಖಪಡುವ ಶಕ್ತಿ ಹಾಗೇ ಇದೆ, ಬೇಕೆಂದು ಹೋಗುವ ತವಕ ಸತ್ತಿದೆ. ಡೋಪಮೈನ್ ಮುಖ್ಯವಾಗಿ ಆ ತವಕದ ರಸಾಯನ. ತವಕ ಏರುತ್ತ ಹೋಗಿ ಸುಖ ಅಲ್ಲೇ ನಿಂತಿರುವ ಸ್ಥಿತಿಯೊಂದು ಮನುಷ್ಯನಿಗೆ ಬರಬಹುದು. ಗೋಡೆಗೊರಗಿ ಕೂತವನು ಇರುವುದು ಆ ಸ್ಥಿತಿಯಲ್ಲಿ. ಅದನ್ನು ಮಜಾ ಎಂದು ಕರೆದು ಬೆಲೆ ಕಟ್ಟುವುದು ಅನ್ಯಾಯ.

ಈ ಮಾತು "ಡೋಪಮೈನ್ ಉಪವಾಸ" ಮಾಡುತ್ತೇನೆ ಎಂದು ಭಾನುವಾರ ಫೋನ್ ಆರಿಸಿಡುವ ಯುವಕರಿಗೂ ಸಲ್ಲುತ್ತದೆ. ಫೋನ್ ಆರಿಸಿಡುವುದು ಒಳ್ಳೆಯದೇ. ಆದರೆ ಡೋಪಮೈನ್ ವಿಷವಲ್ಲ, ಅದಿಲ್ಲದೆ ಹಾಸಿಗೆಯಿಂದ ಏಳಲೂ ಆಗುವುದಿಲ್ಲ.

ಕಾನೂನು ಬಲ್ಲ ಮಿತ್ರರ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಅವರ ವಾದ ಹೀಗೆ: "ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎಲ್ಲವನ್ನೂ ಜೂಜು ಅಂತ ಸೇರಿಸಿದಾಗ, ನಮ್ಮ ಹೈಕೋರ್ಟೇ 2022ರ ಫೆಬ್ರವರಿ 14ರಂದು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಬುದ್ಧಿಯಿಂದ ಆಡುವ ಆಟದಲ್ಲಿ ಕೆಮಿಕಲ್ಲಿನ ಮಾತೇಕೆ?"

ರಮ್ಮಿಯಲ್ಲಿ ಕೌಶಲವಿದೆ, ಒಪ್ಪುತ್ತೇನೆ. ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳುವವನು ಮರೆಯುವವನಿಗಿಂತ ಚೆನ್ನಾಗಿ ಆಡುತ್ತಾನೆ. ಆದರೆ ನ್ಯಾಯಾಲಯ ಕೇಳಿದ ಪ್ರಶ್ನೆಯೇ ಬೇರೆ, ಮಿದುಳು ಎದುರಿಸುವ ಪ್ರಶ್ನೆಯೇ ಬೇರೆ. ಕೌಶಲ ಮೇಲೋ ಅದೃಷ್ಟ ಮೇಲೋ ಎಂಬುದು ನ್ಯಾಯಾಲಯದ ಪ್ರಶ್ನೆ. ಮುಂದಿನ ಕ್ಷಣ ಏನು ಬರುತ್ತದೋ ಎಂಬುದು ಮಿದುಳಿನದ್ದು. ನರವಿಜ್ಞಾನಿ ವೊಲ್ಫ್‌ರಾಮ್ ಶುಲ್ಟ್ಸ್ ಮತ್ತು ಜೊತೆಗಾರರು ಕೋತಿಗಳ ಡೋಪಮೈನ್ ಕೋಶಗಳಿಗೆ ಕೂದಲೆಳೆಯಂಥ ತಂತಿ ಹಾಕಿ ಆಲಿಸಿದರು. ಹಣ್ಣಿನ ರಸ ಖಂಡಿತ ಸಿಗುತ್ತದೆ ಎಂದು ಗೊತ್ತಾದ ಮೇಲೆ ಆ ಕೋಶಗಳು ರಸ ಬಂದಾಗ ಸದ್ದು ಮಾಡುವುದಿಲ್ಲ, ರಸ ಬರುವುದನ್ನು ಸೂಚಿಸುವ ದೀಪ ಹೊತ್ತಿದಾಗಲೇ ಮಿಡಿಯುತ್ತವೆ. ಸಂಬಳದ ರಾತ್ರಿ ಮಿಂಚುವ ಬೋನಸ್ ಸೂಚನೆಯ ಶಕ್ತಿ ಇಲ್ಲಿದೆ. 2003ರಲ್ಲಿ ಅವರು ಇನ್ನೊಂದನ್ನು ತೋರಿಸಿದರು. ದೀಪ ಹೊತ್ತಿದ ಮೇಲೆ ಫಲ ಬರುವವರೆಗಿನ ನಡುವಿನ ಹೊತ್ತಿನಲ್ಲಿ ಈ ಮಿಡಿತ ಏರುತ್ತ ಹೋಗುವುದು ಸಿಗಲೂಬಹುದು, ಸಿಗದಿರಲೂಬಹುದು ಎಂಬ ಸರಿಸಮ ಅನಿಶ್ಚಿತತೆ ಇದ್ದಾಗ ಅತಿ ಹೆಚ್ಚು. ಕೌಶಲದಲ್ಲಿ ಸರಿಜೋಡಿಯಾದ ಇಬ್ಬರನ್ನು ಎದುರುಬದುರು ಕೂರಿಸಿ. ಇಬ್ಬರ ಜಾಣತನವೂ ಒಂದನ್ನೊಂದು ಸರಿಗಟ್ಟಿದ ಮೇಲೆ ಉಳಿಯುವುದು ಆ ಐವತ್ತು-ಐವತ್ತೇ. ಕೌಶಲ ಅನಿಶ್ಚಿತತೆಯನ್ನು ಓಡಿಸುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ತಂಡ 2009ರಲ್ಲಿ ಕಂಡದ್ದು. ಕೂದಲೆಳೆಯಲ್ಲಿ ತಪ್ಪಿದ ಗೆಲುವು ಮಿದುಳಿನಲ್ಲಿ ನಿಜವಾದ ಗೆಲುವು ಎಬ್ಬಿಸುವ ಭಾಗಗಳನ್ನೇ ಎಬ್ಬಿಸುತ್ತದೆ. ಆಡಿದವರು ಹಾಗೆ ತಪ್ಪಿದ್ದು ಸೋಲಿಗಿಂತ ಬೇಸರದ್ದು ಎಂದರು, ಆದರೂ ಮತ್ತೆ ಆಡಬೇಕೆಂಬ ಆಸೆ ಹೆಚ್ಚಿತು. ಅದೂ ಯಾವಾಗ? ಆಯ್ಕೆಯನ್ನು ತಾವೇ ಮಾಡಿದ್ದಾಗ. ಯಂತ್ರ ಆಯ್ದಾಗ ಆ ಆಸೆ ಹೆಚ್ಚಲಿಲ್ಲ. "ನನ್ನ ಕೈಯಲ್ಲಿದೆ" ಎಂಬ ಭಾವವೇ ಇಲ್ಲಿ ಕೊಕ್ಕೆ. ಕೌಶಲದ ಆಟ ಎಂಬ ಹಣೆಪಟ್ಟಿ ಇಸ್ಪೀಟಿನ ಎಂಟು ತಪ್ಪಿಸಿಕೊಂಡವನಿಗೆ ಹೇಳುವುದು ಅದನ್ನೇ: ತಪ್ಪು ನಿನ್ನದು, ಇನ್ನೊಮ್ಮೆ ಸರಿಮಾಡು. ಮಿತ್ರರು ಆಟಕ್ಕೆ ರಕ್ಷಣೆಯೆಂದು ಮುಂದಿಡುವ ಗುಣವೇ ಆಡುವವನಿಗೆ ಹೆಚ್ಚು ಅಪಾಯ.

"ಅದೇ ಫೋನು ನನ್ನ ಕೈಲೂ ಇದೆ, ನಾನು ಆಡಲ್ವಲ್ಲ?" ಎಂದು ಒಬ್ಬ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ.

ಎಲ್ಲರ ಮಿದುಳೂ ಒಂದೇ ಅಲ್ಲ, ಒಬ್ಬನದೇ ಮಿದುಳು ಎಲ್ಲ ಹೊತ್ತಿನಲ್ಲೂ ಒಂದೇ ಅಲ್ಲ. ಜೂಜಿನ ವ್ಯಸನದಲ್ಲಿ ವಂಶದ ಪಾಲೂ ಇದೆ ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಕಾಯುವ ತಾಳ್ಮೆಗೆ ಸೆರಟೋನಿನ್ ಬೇಕು. ಜಪಾನಿನ ಓಕಿನಾವಾದಲ್ಲಿ 2014ರಲ್ಲಿ ಇಲಿಗಳ ಸೆರಟೋನಿನ್ ಕೋಶಗಳನ್ನು ಬೆಳಕಿನಿಂದ ಪ್ರಚೋದಿಸಿದಾಗ ಅವು ತಿನಿಸಿಗಾಗಿ ಹೆಚ್ಚು ಹೊತ್ತು ಕಾದವು. ಇಲಿಯಿಂದ ಮನುಷ್ಯನಿಗೆ ನೇರ ಲೆಕ್ಕ ಹಾಕಲಾಗದು, ದಿಕ್ಕು ಮಾತ್ರ ತಿಳಿಯುತ್ತದೆ.

ಆದರೆ ನಮ್ಮ ಕೈಗಾರಿಕಾ ಪಟ್ಟಿಗೆ ನೇರವಾಗಿ ತಟ್ಟುವುದು ನಿದ್ದೆಯ ಸಂಗತಿ. ಸಿಂಗಾಪುರದಲ್ಲಿ ವಿನೋದ್ ವೆಂಕಟರಾಮನ್ ಮತ್ತು ಮೈಕಲ್ ಚೀ ತಂಡ 2007ರಲ್ಲಿ ಆರೋಗ್ಯವಂತ ಯುವಜನರನ್ನು ಒಂದು ರಾತ್ರಿ ನಿದ್ದೆಗೆಡಿಸಿ ಸ್ಕ್ಯಾನರಿನೊಳಗೆ ಜೂಜಿನ ಆಯ್ಕೆಗಳನ್ನು ಕೊಟ್ಟಿತು. ಲಾಭದ ನಿರೀಕ್ಷೆಗೆ ಮಿಡಿಯುವ ಭಾಗ ಹೆಚ್ಚು ಮಿಡಿಯಿತು, ನಷ್ಟದ ಪೆಟ್ಟನ್ನು ದಾಖಲಿಸುವ ಭಾಗ ಮಂಕಾಯಿತು. ಒಂದೇ ರಾತ್ರಿಯಲ್ಲಿ! ಪೀಣ್ಯದಿಂದ ದಾಬಸ್‌ಪೇಟೆಯವರೆಗೆ ಫಸ್ಟ್, ಸೆಕೆಂಡ್, ನೈಟ್ ಎಂದು ಶಿಫ್ಟ್ ಬದಲಾಯಿಸುತ್ತ, ಓಟಿ ಸಿಕ್ಕರೆ ಅದನ್ನೂ ಮಾಡುತ್ತ, ಹಗಲಿನಲ್ಲಿ ಲಾರಿಗಳ ಹಾರ್ನಿನ ನಡುವೆ ಮಲಗುವವರ ಮಿದುಳು ತಿಂಗಳುಗಟ್ಟಲೆ ಇರುವುದು ಅಂಥ ಸ್ಥಿತಿಯ ಹತ್ತಿರ. ಅದರ ಮೇಲೆ ಸಾಲದ ಆ್ಯಪಿನವರ ಫೋನ್. ಒತ್ತಡ ಏರಿದಾಗ ನಾರ್‌ಅಡ್ರಿನಲಿನ್ ಮತ್ತು ಡೋಪಮೈನ್ ಮಿತಿ ಮೀರಿ ಹರಿದು, ಹಣೆಯ ಹಿಂದಿನ, ಮುಂದಾಲೋಚನೆಯ ಮಿದುಳಿನ ಭಾಗವನ್ನು ಕುಗ್ಗಿಸುತ್ತವೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ವಿವರವಾಗಿ ತೋರಿಸಿದ್ದಾರೆ. ಆ ತಾಯಿ ರಾತ್ರಿ ಹತ್ತಕ್ಕೆ ಮಲಗಿ ಐದಕ್ಕೆ ಏಳುವವರು, ಸಾಲವಿಲ್ಲದವರು. ಅವರ ಸಂಯಮವನ್ನು ನಾನು ಗೌರವಿಸುತ್ತೇನೆ. ಅದಕ್ಕೆ ಆ ನಿದ್ದೆಯೂ ಒತ್ತಾಸೆಯಾಗಿ ನಿಂತಿದೆ ಎಂದಷ್ಟೇ ಹೇಳುತ್ತೇನೆ.

ಓದಿಸಿದರೆ ಸರಿಹೋಗುತ್ತದೆ ಎಂಬವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಧರ್ಮರಾಯನಿಗಿಂತ ಧರ್ಮ ಓದಿಕೊಂಡವನನ್ನು ನಮ್ಮ ಊರುಗಳ ಯಕ್ಷಗಾನ, ಬಯಲಾಟ, ಗಮಕ ಯಾವುದೂ ಕಂಡಿಲ್ಲ. ಅವನೂ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ಒಮ್ಮೆ ಎಲ್ಲ ಸೋತು ಮರಳಿ ಪಡೆದ ಮೇಲೂ ಎರಡನೇ ಬಾರಿ ಕರೆ ಬಂದಾಗ ಎದ್ದು ಹೋದ.

ಇನ್ನು ಕಾಯ್ದೆಯ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು, ಕೌಶಲವೋ ಅದೃಷ್ಟವೋ ಎಂದು ನೋಡದೆ ದುಡ್ಡು ಹೂಡಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಅದನ್ನು ಪ್ರಶ್ನಿಸಿದ ಅರ್ಜಿ ನಮ್ಮ ಹೈಕೋರ್ಟಿಗೂ ಬಂದು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ವರ್ಗವಾಯಿತು. ಇದರ ಬಗ್ಗೆ ಎರಡು ಆಕ್ಷೇಪಗಳು ಎದುರುಬದುರು ನಿಂತಿವೆ. "ನಿಷೇಧ ಬಂತಲ್ಲ, ಇನ್ನು ನಿಮ್ಮ ಉಪನ್ಯಾಸ ಯಾಕೆ?" ಎನ್ನುತ್ತಾರೆ ಕೆಲವರು. "ನಿಷೇಧದಿಂದ ಏನೂ ಆಗಲ್ಲ, ಮಟ್ಕಾ ನಿಂತಿದೆಯಾ?" ಎನ್ನುತ್ತಾರೆ ಉಳಿದವರು.

ಎರಡನೆಯವರಿಗೆ 2007 ನೆನಪಿರಬಹುದು. ಕರ್ನಾಟಕದಲ್ಲಿ ಲಾಟರಿ, ಸಾರಾಯಿ ಎರಡೂ ನಿಂತದ್ದು ಆ ವರ್ಷ. ಬಸ್‌ಸ್ಟ್ಯಾಂಡುಗಳ ಸುತ್ತ ಸಾಲುಗಟ್ಟಿದ್ದ ಲಾಟರಿ ಅಂಗಡಿಗಳು, ಫಲಿತಾಂಶಕ್ಕೆ ಕಾದು ನಿಲ್ಲುತ್ತಿದ್ದ ಕೂಲಿಕಾರರು ಕಣ್ಣಿಂದ ಮರೆಯಾದರು. ದೀಪ ಹೊತ್ತದಿದ್ದರೆ ಮಿಡಿತವೂ ಕಡಿಮೆ. ಹೆಜ್ಜೆ ಹೆಜ್ಜೆಗೂ ಕಾಣುವ ಅಂಗಡಿಗೂ ಹುಡುಕಿಕೊಂಡು ಹೋಗಬೇಕಾದ ಮಟ್ಕಾಕ್ಕೂ ಈ ದೃಷ್ಟಿಯಿಂದ ಅಜಗಜಾಂತರ. ಮೊದಲನೆಯವರಿಗೆ ಹೇಳಬೇಕಾದದ್ದು, ಸಾರಾಯಿ ನಿಂತಾಗ ಕುಡಿತ ನಿಲ್ಲಲಿಲ್ಲ, ಬೇರೆ ಬಾಟಲಿಗೆ ಹೋಯಿತು. ಕಲಿತ ತವಕ ಕಾಯ್ದೆಯ ಪುಸ್ತಕ ಓದುವುದಿಲ್ಲ. ವಿದೇಶಿ ಬೆಟ್ಟಿಂಗ್ ತಾಣ, ಷೇರುಪೇಟೆಯ ಆಪ್ಷನ್ ವ್ಯವಹಾರ, ಪರಿಚಯದವರ ಗುಂಪಿನ ಕ್ರಿಕೆಟ್ ಪಂದ್ಯದ ಬಾಜಿ, ಹೀಗೆ ಅದಕ್ಕೆ ದಾರಿಗಳಿವೆ. ನಿಷೇಧ ಬೇಕು, ಚಿಕಿತ್ಸೆಯೂ ಬೇಕು.

ಚಿಕಿತ್ಸೆ ಎಂದೊಡನೆ ಸೂಪರ್‌ವೈಸರ್ ಒಬ್ಬರು ಹೇಳಿದ್ದು: "ಯಾರು ಬರ್ತಾರೆ ಸಾರ್? ಎಚ್‌ಆರ್‌ಗೆ ಗೊತ್ತಾದ್ರೆ ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ಲ ಅಂತ ಹೆದರ್ತಾರೆ." ಇದು ನಾನು ಪೂರ್ತಿ ಒಪ್ಪುವ ಆಕ್ಷೇಪ, ನನ್ನ ಬೇಡಿಕೆ ಹುಟ್ಟುವುದೂ ಇಲ್ಲಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ವ್ಯಸನ ಇದೆ. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟಗಳ ಅತಿಬಳಕೆಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಮಾಕಳಿಯಿಂದ ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು, ಅದು ನಿಜ. ಆದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿ ಹನ್ನೊಂದಕ್ಕೂ ಸಿಗುತ್ತದೆ, ಎಚ್‌ಆರ್‌ಗೆ ತಿಳಿಯುವ ಮಾತೇ ಇಲ್ಲ. ಕಾರ್ಖಾನೆಯ ಆಡಳಿತದವರನ್ನು ನಾನು ಕೇಳುವುದು ಎರಡು. ಆ ಐದು ಅಂಕಿಗಳನ್ನು ಪಂಚಿಂಗ್ ಮೆಷಿನ್ನಿನ ಪಕ್ಕ, ಕ್ಯಾಂಟೀನಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಸಂಬಳವಾಗುವ ವಾರದಲ್ಲಿ ಯಾರನ್ನೂ ಸತತ ನೈಟ್ ಶಿಫ್ಟಿಗೆ ಹಾಕಬೇಡಿ. ಖರ್ಚಿಲ್ಲದ ಈ ಎರಡಕ್ಕೆ ಆಗುವುದಿಲ್ಲ ಎನ್ನುವವರು ಯಾಕೆ ಆಗುವುದಿಲ್ಲ ಎಂದು ಬರೆದು ತಿಳಿಸಲಿ, ಅದಕ್ಕೂ ಉತ್ತರ ಕೊಡುತ್ತೇನೆ.